ಕೀಲು ನೋಡಿ ಕುದುರೆ ಕೊಳ್ಳುವ ಊರು

ಲಂಡನ್ನಿನಿಂದ ಈಶಾನ್ಯಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ, ಸಫೋಕ್ ಪ್ರಾಂತದ ಅಂಚಿನಲ್ಲಿ, ನ್ಯೂಮಾರ್ಕೆಟ್ ಎಂಬ ಪುಟ್ಟ ಪಟ್ಟಣವಿದೆ. ಹೆಸರಿನ ಅರ್ಥ ‘ಹೊಸ ಪೇಟೆ’ ಎಂದಾದರೂ ವಯಸ್ಸಿನಲ್ಲಿ ಅದು ನಮ್ಮ ಹೊಸಪೇಟೆಗಿಂತ ಹಿರಿಯದು. ಅಲ್ಲಿಯ ಜನಸಂಖ್ಯೆ 20,000ದ ಆಸುಪಾಸು. ಕುದುರೆಗಳ ಸಂಖ್ಯೆ ಸುಮಾರು 3,000. ಊರಿನಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬುದು ಬೆಳಗಿನ ಹೊತ್ತು ರಸ್ತೆಯಲ್ಲಿ ನಿಂತರೆ ತಿಳಿಯುತ್ತದೆ. ಲಾಯಗಳಿಂದ ಹೊರಟ ಕುದುರೆಗಳ ಸಾಲು ರಸ್ತೆಯನ್ನು ದಾಟುವಾಗ ಮೋಟಾರುಗಳೂ ಬಸ್ಸುಗಳೂ ಸದ್ದಿಲ್ಲದೆ ನಿಂತುಬಿಡುತ್ತವೆ. ಯಾರೂ ಹಾರನ್ ಬಾರಿಸುವುದಿಲ್ಲ. ಕುದುರೆಗಳಿಗೆಂದೇ ಬೇರೆ ಕಾಲುದಾರಿಗಳಿವೆ. ಮನುಷ್ಯರು ಅವುಗಳ ಪಕ್ಕದ ದಾರಿಯಲ್ಲಿ ನಡೆಯುತ್ತಾರೆ.

ಈ ಸವಾರರ ಸಾಲಿನಲ್ಲಿ ನಮ್ಮ ದೇಶದ ಮುಖಗಳೂ ಅಲ್ಲಲ್ಲಿ ಕಾಣುವುದುಂಟು. ಇಂಗ್ಲೆಂಡಿನ ಲಾಯಗಳಲ್ಲಿ ಬೆಳಗಿನ ಸವಾರಿಗೆ ಜನ ಸಾಲದೆ ಹೋದಾಗ ಭಾರತದಿಂದ ಬಂದ ತರುಣರು ಆ ಕೆಲಸವನ್ನು ಹಿಡಿದಿದ್ದಾರೆ. ಅಕ್ಟೋಬರಿನ ಚಳಿಗೆ ಕಿವಿಯವರೆಗೆ ಉಣ್ಣೆಯ ಟೋಪಿಯನ್ನು ಎಳೆದುಕೊಂಡು, ಹಬೆಯಾಡುವ ಕುದುರೆಯ ಮೇಲೆ ಕುಳಿತು, ಹಿಂದಿಯಲ್ಲಿ ಮಾತಾಡಿಕೊಳ್ಳುತ್ತ ಅವರು ವಾರನ್ ಹಿಲ್ ಎಂಬ ದಿಬ್ಬವನ್ನೇರುವ ದೃಶ್ಯ ನೋಡುವಂಥದು.

ಊರಿನ ಸುತ್ತ ಹಬ್ಬಿರುವ ಹುಲ್ಲುಗಾವಲಿಗೆ ‘ಹೀತ್’ ಎಂದು ಹೆಸರು. ಕೆಳಗೆ ಸುಣ್ಣದ ಕಲ್ಲು. ಮೇಲೆ ಎಷ್ಟೋ ಶತಮಾನಗಳಿಂದ ನೇಗಿಲು ಸೋಕದ ಹುಲ್ಲು. ಮಳೆ ಬಂದರೂ ನೀರು ನಿಲ್ಲದೆ ಇಂಗಿಹೋಗುತ್ತದೆ. ಓಡುವ ಕುದುರೆಯ ಕಾಲಿಗೆ ನೆಲ ಕಲ್ಲಿನಂತೆ ಹೊಡೆಯುವುದಿಲ್ಲ. 1605ರಲ್ಲಿ ಒಂದನೆಯ ಜೇಮ್ಸ್ ದೊರೆ ಬೇಟೆಗೆಂದು ಇಲ್ಲಿಗೆ ಬಂದು ಈ ನೆಲಕ್ಕೆ ಮನಸೋತ. ಅವನ ಮೊಮ್ಮಗ ಎರಡನೆಯ ಚಾರ್ಲ್ಸನಿಗಂತೂ ಇದು ಎರಡನೆಯ ರಾಜಧಾನಿಯೇ ಆಯಿತು. 1671ರಲ್ಲಿ ಆ ದೊರೆ ತಾನೇ ಕುದುರೆಯೇರಿ ಇಲ್ಲಿಯ ಪಂದ್ಯವೊಂದನ್ನು ಗೆದ್ದ. ಅವನ ಸವಾರಿ ಕುದುರೆಯ ಹೆಸರು ‘ಓಲ್ಡ್ ರೌಲಿ’. ಅದರಿಂದಲೇ ಇಲ್ಲಿಯ ಪ್ರಸಿದ್ಧ ಪಂದ್ಯದ ಹಾದಿಗೆ ‘ರೌಲಿ ಮೈಲ್’ ಎಂಬ ಹೆಸರು ನಿಂತಿತು. ಪಂದ್ಯದ ಕುದುರೆಗಳ ಮೂಲಪುರುಷರಲ್ಲಿ ಒಂದಾದ ಗೊಡಾಲ್ಫಿನ್ ಅರೇಬಿಯನ್ನಿನ ಸಮಾಧಿಯೂ ದೂರವೇನಿಲ್ಲ. ಕೇಂಬ್ರಿಜ್ಜಿನ ಬಳಿಯ ವಾಂಡಲ್‌ಬರಿಯಲ್ಲಿದೆ. 1753ರಲ್ಲಿ ಸತ್ತ ಆ ಕುದುರೆ ಒಂದು ಕಾಲದಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ನೀರಿನ ಬಂಡಿಯನ್ನೆಳೆಯುತ್ತಿತ್ತೆಂದು ಐತಿಹ್ಯ. ನಿಜವೋ ಸುಳ್ಳೋ, ಕುದುರೆ ಕೊಳ್ಳುವವರಿಗೆ ಈ ಕಥೆ ಬಹಳ ಪ್ರಿಯ. ತಮ್ಮ ಮುಂದೆ ನಿಂತಿರುವ ಅಗ್ಗದ ಪ್ರಾಣಿಯಲ್ಲಿ ಇನ್ನೊಂದು ಗೊಡಾಲ್ಫಿನ್ ಅಡಗಿದ್ದರೆ ಎಂಬ ಆಸೆ ಯಾರಿಗಿಲ್ಲ?

ಗಿನಿಯ ಲೆಕ್ಕದ ಹರಾಜು

ಆ ಆಸೆಯನ್ನು ತೂಗುವ ಸ್ಥಳ ‘ಪಾರ್ಕ್ ಪ್ಯಾಡಕ್ಸ್’. ಟ್ಯಾಟರ್‌ಸಾಲ್ಸ್ ಎಂಬ ಹರಾಜು ಸಂಸ್ಥೆಯ ಅಂಗಳ ಅದು. 1766ರಲ್ಲಿ ರಿಚರ್ಡ್ ಟ್ಯಾಟರ್‌ಸಾಲ್ ಎಂಬವನು ಲಂಡನ್ನಿನ ಹೈಡ್ ಪಾರ್ಕಿನ ಮೂಲೆಯಲ್ಲಿ ಪ್ರಾರಂಭಿಸಿದ ವ್ಯಾಪಾರ ಈಗ ಇಲ್ಲಿ ನೆಲೆಸಿದೆ. ಪ್ರತಿವರ್ಷ ಅಕ್ಟೋಬರಿನಲ್ಲಿ ವರ್ಷದ ಮರಿಗಳ ಹರಾಜು ನಡೆಯುತ್ತದೆ. ವರ್ಷದ ಮರಿಗಳೆಂದರೆ ಹಾಲು ಬಿಡದ ಮರಿಗಳೆಂದು ತಿಳಿಯಬಾರದು. ಈ ಜಾತಿಯ ಕುದುರೆಗಳಿಗೆಲ್ಲ ಆ ದೇಶದಲ್ಲಿ ಜನವರಿ 1ರಂದೇ ಹುಟ್ಟುಹಬ್ಬವೆಂದು ಲೆಕ್ಕ. ಅಕ್ಟೋಬರಿನ ಹೊತ್ತಿಗೆ ಅವಕ್ಕೆ ಒಂದೂವರೆ ವರ್ಷ ದಾಟಿರುತ್ತದೆ. ಬೆನ್ನಿನ ಮೇಲೆ ಸವಾರನನ್ನು ಇನ್ನೂ ಹೊತ್ತಿರುವುದಿಲ್ಲ, ಓಟದ ಮೈದಾನವನ್ನು ಕಂಡಿರುವುದಿಲ್ಲ. ವಂಶ, ರೂಪ, ನಡಿಗೆ, ಈ ಮೂರನ್ನು ನೋಡಿಯೇ ಬೆಲೆ ಕಟ್ಟಬೇಕು.

ಬೆಲೆ ಹೇಳುವುದೂ ಪೌಂಡಿನಲ್ಲಲ್ಲ, ಗಿನಿಯಲ್ಲಿ. ಗಿನಿ ನಾಣ್ಯ ಹುಟ್ಟಿದ್ದು 1663ರಲ್ಲಿ, ಅದೇ ಎರಡನೆಯ ಚಾರ್ಲ್ಸನ ಕಾಲದಲ್ಲಿ. ಟಂಕಿಸುವುದು ನಿಂತು ಇನ್ನೂರು ವರ್ಷದ ಮೇಲಾಯಿತು. ಆದರೂ ಇಲ್ಲಿ ಒಂದು ಗಿನಿಯೆಂದರೆ ಒಂದು ಪೌಂಡು ಐದು ಪೆನ್ಸು ಎಂದು ಲೆಕ್ಕ ನಡೆದೇ ಇದೆ. ನಮ್ಮ ದೇಶದವರೂ ಈ ಗಿನಿಗಳನ್ನು ಎಣಿಸಿದ್ದಾರೆ. ಬರೋಡೆಯ ಮಹಾರಾಜರು 28,000 ಗಿನಿ ಕೊಟ್ಟು ಕೊಂಡ ‘ಸಯಾಜಿರಾವ್’ ಎಂಬ ಕುದುರೆ 1947ರಲ್ಲಿ ಸೇಂಟ್ ಲೆಜರ್ ಪಂದ್ಯವನ್ನು ಗೆದ್ದಿತು. ಮರುವರ್ಷ ಅವರದೇ ‘ಮೈ ಬಾಬು’ ಇದೇ ನ್ಯೂಮಾರ್ಕೆಟ್ಟಿನ ಹುಲ್ಲಿನ ಮೇಲೆ ‘ಎರಡು ಸಾವಿರ ಗಿನಿ’ ಎಂಬ ಪಂದ್ಯವನ್ನು ಗೆದ್ದಿತು.

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ಕಂಡವರಿಗೆ ಈ ಹರಾಜು ಹೊಸದೆನಿಸಲಾರದು. ಅಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಇಲ್ಲಿ ಹುಬ್ಬು ಮೇಲೇರುತ್ತದೆ, ಪೆನ್ಸಿಲು ಒಂದಿಷ್ಟು ಅಲುಗುತ್ತದೆ, ಅಷ್ಟೆ. ಅಲ್ಲಿ ಎತ್ತಿನ ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಇಲ್ಲಿಯೂ ಮರಿಯನ್ನು ಲಾಯದಿಂದ ಹೊರತಂದು, ನೇರವಾಗಿ ದೂರಕ್ಕೆ ನಡೆಸಿ, ಮತ್ತೆ ಎದುರಿಗೆ ಕರೆತರಿಸುತ್ತಾರೆ. ಕೊಳ್ಳುವವನು ಮಂಡಿಯೂರಿ ಕುಳಿತು ಕಾಲುಗಳನ್ನು ನೋಡುತ್ತಾನೆ. ಸುಳಿಯ ಸ್ಥಾನದಲ್ಲಿ ಇಲ್ಲಿ ನಿಂತಿರುವುದು ಎಕ್ಸ್‌ರೇ.

ಕೀಲಿನೊಳಗಿನ ಗಾರೆ

2024ರ ಅಕ್ಟೋಬರಿನಲ್ಲಿ ಈ ಅಂಗಳದಲ್ಲಿ ನನಗೆ ದಾರಿ ತೋರಿಸಿದವರು ಕನ್ನಡಿಗರಾದ ಒಬ್ಬ ಕುದುರೆ ವೈದ್ಯರು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಈ ಊರಿಗೆ ಬಂದು, ಕುದುರೆಯ ಕಾಲುಗಳನ್ನೇ ಕಸುಬಾಗಿ ಮಾಡಿಕೊಂಡವರು. ಆ ದಿನ ಅವರಿಗೊಂದು ಕೆಲಸವಿತ್ತು. ಹನ್ನೆರಡು ಕುದುರೆಗಳ ಚಿಕ್ಕ ಲಾಯವಿರುವ ಒಬ್ಬ ತರಬೇತುದಾರ, ಐದು ಮಂದಿ ಪಾಲುದಾರರಿಗಾಗಿ ಒಂದು ಮರಿಯನ್ನು ಹುಡುಕುತ್ತಿದ್ದ. ಕೈಯಲ್ಲಿದ್ದುದು 25,000 ಗಿನಿ. ಪಾಲುದಾರರಲ್ಲಿ ಒಬ್ಬಾಕೆ ನಿವೃತ್ತ ಉಪಾಧ್ಯಾಯಿನಿ, ಒಬ್ಬ ರೊಟ್ಟಿ ಅಂಗಡಿಯವನು. ಉಳಿದವರೂ ಅಂಥ ಸಾಮಾನ್ಯ ಸ್ಥಿತಿಯವರೇ. ಅವರ ಕಣ್ಣಿಗೆ ಒಂದು ಕಂದು ಬಣ್ಣದ ಗಂಡು ಮರಿ ಬಿದ್ದಿತ್ತು. ಒಳ್ಳೆಯ ವಂಶ, ಗಂಭೀರವಾದ ನಡಿಗೆ, ಶಾಂತವಾದ ಕಣ್ಣು. ಅಂಥದು 40,000 ಗಿನಿಗೆ ಕಡಿಮೆಯಾಗಿ ಸಿಕ್ಕುವಂತಿರಲಿಲ್ಲ. ಆದರೆ ಅದರ ಬಲ ಹಿಂಗಾಲಿನ ಮೇಲಣ ಕೀಲು ಸ್ವಲ್ಪ ಊದಿಕೊಂಡಿತ್ತು. ಮಾರುವವನು ಅದನ್ನು ಮುಚ್ಚಿಡಲಿಲ್ಲ; ಎಕ್ಸ್‌ರೇ ಚಿತ್ರಗಳನ್ನು ತಾನೇ ತೆಗೆಸಿ ಮುಂದಿಟ್ಟಿದ್ದ.

ಕುದುರೆಯ ಹಿಂಗಾಲಿನಲ್ಲಿ ಮೂರು ಕೀಲುಗಳನ್ನು ಮುಖ್ಯವಾಗಿ ನೋಡುತ್ತಾರೆ. ಹೊಟ್ಟೆಯ ಪಕ್ಕದಲ್ಲಿ ಮೇಲಿರುವುದು ನಮ್ಮ ಮೊಣಕಾಲಿಗೆ ಸಮಾನ. ಅದಕ್ಕೆ ‘ಸ್ಟೈಫಲ್’ ಎನ್ನುತ್ತಾರೆ. ಕಾಲಿನ ನಡುವೆ ಹಿಂದಕ್ಕೆ ಚಾಚಿರುವುದು ನಮ್ಮ ಹಿಮ್ಮಡಿಯ ಮೇಲಣ ಕೀಲಿಗೆ ಸಮಾನ, ಅದು ‘ಹಾಕ್’. ಗೊರಸಿನ ಮೇಲೆ ಗೆಣ್ಣಿನಂತಿರುವುದು ‘ಫೆಟ್‌ಲಾಕ್’. ಈ ಮೂರರಲ್ಲಿ ಎಲ್ಲಿ ಬೇಕಾದರೂ ಎಳೆಯ ಕುದುರೆಗಳಿಗೆ ಒಂದು ದೋಷ ಕಾಣಿಸಿಕೊಳ್ಳುವುದುಂಟು. ಅದರ ಹೆಸರು ಆಸ್ಟಿಯೋಕಾಂಡ್ರೋಸಿಸ್.

ಹೆಸರು ಉದ್ದವಾದರೂ ಸಂಗತಿ ಸರಳ. ಹುಟ್ಟಿದ ಮರಿಯ ಎಲುಬಿನ ತುದಿಯಲ್ಲಿ ಮೆತ್ತನೆಯ ಮೃದ್ವಸ್ಥಿ ದಪ್ಪವಾಗಿರುತ್ತದೆ. ಮರಿ ಬೆಳೆದಂತೆ ಅದು ಒಳಗಿನಿಂದ ಗಟ್ಟಿಯಾಗುತ್ತ ಎಲುಬಾಗುತ್ತದೆ. ಒಂದು ಕಡೆ ರಕ್ತದ ಪೂರೈಕೆ ತಪ್ಪಿದರೆ ಅಷ್ಟು ಭಾಗ ಎಲುಬಾಗದೆ ಉಳಿದುಬಿಡುತ್ತದೆ. ಹಳೆಯ ಗೋಡೆಯಲ್ಲಿ ಗಾರೆ ಎದ್ದು, ಬಡಿದರೆ ಟೊಳ್ಳು ಸದ್ದು ಬರುವುದಿಲ್ಲವೆ, ಹಾಗೆ. ಕೊನೆಗೊಂದು ದಿನ ಗಾರೆಯ ಚಕ್ಕೆ ಕಳಚಿ ಕೀಲಿನೊಳಗೆ ಬೀಳುತ್ತದೆ; ಕೀಲು ಕೆರಳಿ ನೀರು ತುಂಬಿಕೊಳ್ಳುತ್ತದೆ. ಕಾರಣ ಒಂದೇ ಅಲ್ಲ. ವಂಶದಿಂದ ಬರಬಹುದು, ಬೆಳವಣಿಗೆಯ ವೇಗದಿಂದ ಬರಬಹುದು, ಮರಿ ಬೇಗ ದೊಡ್ಡದಾಗಲೆಂದು ತಿನ್ನಿಸಿದ ಧಾನ್ಯದಿಂದ ಬರಬಹುದು, ಮೇವಿನಲ್ಲಿ ತಾಮ್ರದಂಥ ಖನಿಜಗಳ ಕೊರತೆಯಿಂದಲೂ ಬರಬಹುದು. ಹರಾಜಿನಲ್ಲಿ ದೊಡ್ಡದಾಗಿ, ಹೊಳೆಯುವಂತೆ ಕಾಣಬೇಕೆಂಬ ಅವಸರವೇ ಕೆಲವು ವೇಳೆ ಕೀಲನ್ನು ಕೆಡಿಸುತ್ತದೆ. ಎಳೆತನದಲ್ಲಿ ಕಾಣಿಸಿಕೊಂಡ ಗುರುತುಗಳು ತಾವೇ ಮಾಯುವುದೂ ಉಂಟು. ಆದರೆ ಒಂದೂವರೆ ವರ್ಷದ ಮರಿಯಲ್ಲಿ ಉಳಿದಿರುವುದು ಮಾಯುವ ಕಾಲವನ್ನು ದಾಟಿದ್ದು.

ಡಾಕ್ಟರು ಚಿತ್ರಗಳನ್ನು ಕಂಪ್ಯೂಟರಿನ ತೆರೆಯ ಮೇಲೆ ದೊಡ್ಡದಾಗಿ ಮಾಡಿ ತೋರಿಸಿದರು. ತೊಡೆಯೆಲುಬಿನ ಕೊನೆಯ ಹೊರ ಏಣು ದುಂಡಾಗಿರಬೇಕಾದಲ್ಲಿ ಸ್ವಲ್ಪ ಚಪ್ಪಟೆಯಾಗಿತ್ತು. ಅದರ ಮಗ್ಗುಲಲ್ಲಿ ಅಕ್ಕಿಯ ಕಾಳಿನಷ್ಟು ಚೂರು.

“ಜನ ನನ್ನನ್ನು ಕೇಳುವುದು ‘ಕೊಳ್ಳಬಹುದೆ, ಬೇಡವೆ’ ಎಂದು. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ ಸಾರ್,” ಎಂದರು. “ನಾನು ಮೂರು ಮಾತು ಹೇಳಬಲ್ಲೆ. ಯಾವ ಕೀಲು, ಎಷ್ಟು ದೊಡ್ಡ ಗಾಯ, ಯಾವ ಕೆಲಸಕ್ಕೆ ಕುದುರೆ. ಉಳಿದದ್ದು ಕೊಳ್ಳುವವರ ಮನಸ್ಸು.”

ಯಾವ ಕೀಲು ಎಂಬುದು ಮೊದಲನೆಯದು. ಹಾಕಿನಲ್ಲಿ ಚೂರಿದ್ದರೆ ವೈದ್ಯರು ಅಷ್ಟಾಗಿ ಹೆದರುವುದಿಲ್ಲ. ಎರಡು ಸಣ್ಣ ರಂಧ್ರ ಕೊರೆದು, ಒಂದರಲ್ಲಿ ದೀಪವಿರುವ ನಳಿಗೆಯನ್ನೂ ಇನ್ನೊಂದರಲ್ಲಿ ಇಕ್ಕಳವನ್ನೂ ತೂರಿಸಿ ಚೂರನ್ನು ತೆಗೆದುಬಿಡುತ್ತಾರೆ. ಕೆಲವು ತಿಂಗಳಲ್ಲಿ ಬಹುಪಾಲು ಕುದುರೆಗಳು ಓಟಕ್ಕೆ ಸಿದ್ಧವಾಗುತ್ತವೆ. ಸ್ಟೈಫಲಿನ ಏಣಿನ ಮೇಲಾದರೆ ಗಾಯದ ಉದ್ದ, ಆಳಗಳನ್ನು ಅವಲಂಬಿಸಿದೆ. ಅದೇ ಸ್ಟೈಫಲಿನಲ್ಲಿ ಮೈಯ ಭಾರ ಬೀಳುವ ಜಾಗದಲ್ಲಿ ಎಲುಬಿನೊಳಗೆ ಪೊಳ್ಳು ಉಂಟಾಗಿದ್ದರೆ ಬಹಳ ಯೋಚಿಸಬೇಕು.

ಗಾಯ ಎಷ್ಟು ದೊಡ್ಡದೆಂಬುದು ಎರಡನೆಯದು. ಕುದುರೆ ಕುಂಟುತ್ತಿದೆಯೆ, ಊತ ಎಷ್ಟಿದೆ, ಇನ್ನೊಂದು ಕಾಲಿನಲ್ಲಿಯೂ ಅದೇ ಜಾಗದಲ್ಲಿ ದೋಷವಿದೆಯೆ ಎಂದು ನೋಡಬೇಕು. ಈ ರೋಗಕ್ಕೆ ಜೋಡಿಯಾಗಿ ಬರುವ ಅಭ್ಯಾಸವಿದೆ. ಈ ಮರಿ ಕುಂಟುತ್ತಿರಲಿಲ್ಲ. ಎಡಗಾಲಿನ ಚಿತ್ರ ಶುದ್ಧವಾಗಿತ್ತು.

ಮೂರನೆಯದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಮರಿಯನ್ನು ಈಗ ಕೊಂಡು, ಪಳಗಿಸಿ, ಆರು ತಿಂಗಳಾದ ಮೇಲೆ ಮತ್ತೆ ಹರಾಜಿಗೆ ತರುವ ವ್ಯಾಪಾರಿಗಳಿದ್ದಾರೆ. ಅವರು ಇಂಥ ಮರಿಯ ಹತ್ತಿರ ಸುಳಿಯುವುದೇ ಇಲ್ಲ. ಏಕೆಂದರೆ ಮುಂದಿನ ಕೊಳ್ಳುವವನೂ ಇದೇ ಚಿತ್ರವನ್ನು ನೋಡುತ್ತಾನೆ; ಕಾಲು ವಾಸಿಯಾದರೂ ಅವನ ಅನುಮಾನ ವಾಸಿಯಾಗುವುದಿಲ್ಲ. ಮುಂದೆ ಸಂತಾನಕ್ಕಾಗಿ ಇಟ್ಟುಕೊಳ್ಳುವವರು ವಂಶದ ದೋಷಕ್ಕೆ ಹಿಂಜರಿಯುತ್ತಾರೆ. ವಿಮೆ ಇಳಿಸುವವರು ಸಾಮಾನ್ಯವಾಗಿ ‘ಆ ಕೀಲೊಂದನ್ನು ಬಿಟ್ಟು’ ಎಂದು ಬರೆದುಕೊಡುತ್ತಾರೆ. ಓಡಿಸುವುದಕ್ಕೆಂದೇ ಕೊಂಡು, ಕಾಯುವ ತಾಳ್ಮೆಯಿರುವವನಿಗೆ ಮಾತ್ರ ಇದೇ ದೋಷ ಬೆಲೆ ಇಳಿಸಿಕೊಡುವ ಸ್ನೇಹಿತ. ಒಂದೇ ಎಲುಬು, ಒಂದೇ ಚೂರು. ಬೆಲೆ ಮಾತ್ರ ನೋಡುವವನ ಉದ್ದೇಶದಂತೆ ಬೇರೆಬೇರೆ.

ನೋಟ ಮೋಸ ಮಾಡಿದ ಕಥೆಗಳು

ಇಂಥ ಸಂದರ್ಭದಲ್ಲಿ ಎಲ್ಲರೂ ಹಳೆಯ ಕಥೆಗಳನ್ನು ಹೇಳುತ್ತಾರೆ. ಊರಿನ ದೊಡ್ಡ ಬೀದಿಯಲ್ಲಿ ಜಾಕಿ ಕ್ಲಬ್ಬಿನ ಮುಂದೆ ಹೈಪೀರಿಯನ್ ಎಂಬ ಕುದುರೆಯ ಕಂಚಿನ ಪ್ರತಿಮೆ ನಿಂತಿದೆ. ಆ ಕುದುರೆ ತೀರ ಕುಳ್ಳು. ನಾಲ್ಕು ಕಾಲೂ ಬಿಳಿ. ನಾಲ್ಕು ಕಾಲು ಬಿಳಿಯಿರುವ ಕುದುರೆಯನ್ನು ಕೊಳ್ಳಬಾರದೆಂದು ಇಂಗ್ಲಿಷರ ಹಳೆಯ ನಂಬಿಕೆ. ನಮ್ಮಲ್ಲಾದರೋ ನಾಲ್ಕು ಪಾದಗಳ ಜೊತೆಗೆ ಮುಖವೂ ಬಿಳಿಯಾಗಿದ್ದರೆ ಅದು ಪಂಚಕಲ್ಯಾಣಿ, ಮಂಗಳಕರ! ಹೈಪೀರಿಯನ್ ಯಾರ ಶಾಸ್ತ್ರವನ್ನೂ ಕೇಳದೆ 1933ರಲ್ಲಿ ಡರ್ಬಿಯನ್ನೂ ಸೇಂಟ್ ಲೆಜರನ್ನೂ ಗೆದ್ದಿತು. ಅಮೆರಿಕದಲ್ಲಿ ಮುಂಗಾಲು ಹೊರಕ್ಕೆ ತಿರುಗಿದ್ದ ‘ಸಿಯಾಟಲ್ ಸ್ಲೂ’ ಎಂಬ ಮರಿ 1975ರಲ್ಲಿ 17,500 ಡಾಲರಿಗೆ ಮಾರಾಟವಾಯಿತು. 1977ರಲ್ಲಿ ಒಮ್ಮೆಯೂ ಸೋಲದೆ ಆ ದೇಶದ ಮೂರು ಮಹಾಪಂದ್ಯಗಳನ್ನು ಗೆದ್ದುಕೊಂಡಿತು. ಇನ್ನೊಂದು ಕಡೆ, 1983ರಲ್ಲಿ ಕೆಂಟಕಿಯಲ್ಲಿ ಒಂದು ಕೋಟಿ ಡಾಲರಿಗೂ ಮೇಲೆ ಕೊಟ್ಟು ಕೊಂಡ ‘ಸ್ನಾಫಿ ಡಾನ್ಸರ್’ ಒಂದು ಪಂದ್ಯಕ್ಕೂ ಇಳಿಯಲಿಲ್ಲ. 2006ರಲ್ಲಿ 1 ಕೋಟಿ 60 ಲಕ್ಷ ಡಾಲರು ಬೆಲೆಬಾಳಿದ ‘ಗ್ರೀನ್ ಮಂಕಿ’ ಮೂರೇ ಸಲ ಓಡಿ ಒಂದರಲ್ಲಿಯೂ ಗೆಲ್ಲಲಿಲ್ಲ.

ಡಾಕ್ಟರಿಗೆ ಈ ಕಥೆಗಳು ಹಿಡಿಸುವುದಿಲ್ಲ. ವಕ್ರವಾದ ಕಾಲು ಬೇರೆ, ಕೀಲಿನೊಳಗಿನ ರೋಗ ಬೇರೆ ಎಂದು ಅವರು ತಿದ್ದುತ್ತಾರೆ. ಅಲ್ಲದೆ ಗೆದ್ದ ಕುಂಟನ ಕಥೆಯನ್ನು ಊರೆಲ್ಲ ಹೇಳುತ್ತದೆ. ಸೋತ ಕುಂಟ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ನಷ್ಟ ಯಾರದು?

ಆ ಮಾತನ್ನು ಕೇಳಿದವಳು ಒಬ್ಬಳಿದ್ದಳು. ಪಾಲುದಾರಳಾದ ಉಪಾಧ್ಯಾಯಿನಿ ಅಂದು ಅಂಗಳಕ್ಕೆ ಬಂದಿದ್ದಳು. ತರಬೇತುದಾರನು ಲೆಕ್ಕ ಒಪ್ಪಿಸುತ್ತಿದ್ದ: ದೋಷವಿಲ್ಲದಿದ್ದರೆ 40,000, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆಯ ವಿಶ್ರಾಂತಿ, ಅದರ ಮೇವು, ಎರಡು ವರ್ಷದ ಮರಿಗಳ ಪಂದ್ಯಗಳೆಲ್ಲ ಕೈತಪ್ಪುವ ನಷ್ಟ, ಜೊತೆಗೆ ವಾಸಿಯಾಗದೆಯೇ ಹೋಗಬಹುದಾದ ಭಯ, ಇಷ್ಟನ್ನೂ ಕಳೆದರೆ 15,000ಕ್ಕಿಂತ ಒಂದು ಗಿನಿಯೂ ಹೆಚ್ಚು ಕೊಡಲಾಗದು. ಎಲ್ಲವನ್ನೂ ಕೇಳಿ ಆಕೆ ಡಾಕ್ಟರ ಕಡೆ ತಿರುಗಿದಳು.

“ಇದು ಓಟಕ್ಕೆ ಬಾರದೆ ಹೋದರೆ, ನೋವಿಲ್ಲದೆ ಬದುಕಬಲ್ಲುದೆ?”

ಚೂರು ತೆಗೆಸಿದರೆ ಬಹುಮಟ್ಟಿಗೆ ಬದುಕೀತು, ನಿಧಾನವಾದ ಸವಾರಿಗಾದರೂ ಬಂದೀತು ಎಂದರು ಡಾಕ್ಟರು. ಆದರೆ ಖಂಡಿತವೆಂದು ಬರೆದುಕೊಡಲಾರೆನೆಂದೂ ಸೇರಿಸಿದರು. ಪಂದ್ಯದಿಂದ ನಿವೃತ್ತವಾದ ಕುದುರೆಗಳಿಗೆ ಬೇರೆ ಕೆಲಸ ಕಲಿಸಿ ನೆಲೆ ಕಾಣಿಸಲೆಂದು ಆ ದೇಶದಲ್ಲಿ 2000ದಿಂದ ಒಂದು ಧರ್ಮಸಂಸ್ಥೆ ಕೆಲಸ ಮಾಡುತ್ತಿದೆ. ಆದರೆ ಕೀಲು ಸವೆದುಹೋಗುವವರೆಗೆ ಓಡಿಸಿ ಆಮೇಲೆ ಕಳಿಸಿದರೆ ಯಾವ ಸಂಸ್ಥೆ ತಾನೆ ಏನು ಮಾಡೀತು?

ಈ ಮಾತಿನ ನಡುವೆ ನನಗೆ ನಮ್ಮ ವಿಜಯನಗರದ ಒಂದು ಸಂಗತಿ ನೆನಪಾಯಿತು. ಅರಬ್ಬೀ ಸಮುದ್ರವನ್ನು ದಾಟಿ ಬರುವ ಕುದುರೆಗಳು ದಾರಿಯಲ್ಲಿ ಸಾಯುತ್ತಿದ್ದವು. ವ್ಯಾಪಾರಿಗಳು ತರಲು ಅಂಜುತ್ತಿದ್ದರು. ಹದಿನೈದನೆಯ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದರ ಬಾಲವೊಂದನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ವ್ಯಾಪಾರಿಯ ನಷ್ಟವನ್ನು ದೊರೆ ತನ್ನ ತಲೆಯ ಮೇಲೆ ಹಾಕಿಕೊಂಡ. ಹಾಗೆ ಮಾಡಿದ್ದರಿಂದಲೇ ಅವನಿಗೆ ಕುದುರೆಗಳು ದೊರೆತವು. ಪಾರ್ಕ್ ಪ್ಯಾಡಕ್ಸಿನಲ್ಲಿ ನಷ್ಟ ಕೊಳ್ಳುವವನದು. ಕುದುರೆಗೆ ಗೂಟ ಕಚ್ಚುವ ಚಟವಿದ್ದರೆ ಮಾರುವವನು ಮೊದಲೇ ಸಾರಬೇಕು. ಆದರೆ ಎಲ್ಲರೆದುರು ತೆರೆದಿಟ್ಟ ಎಕ್ಸ್‌ರೇಯನ್ನು ನೋಡಿ ಕೊಂಡ ಮೇಲೆ ಯಾರನ್ನು ದೂರುವುದು? ಎರಡು ಕಡೆಯಲ್ಲಿಯೂ ಲೆಕ್ಕದ ಹೊರಗೆ ಉಳಿಯುವುದು ಕುದುರೆಯ ಪಾಲಿನ ನಷ್ಟ. ಉಪಾಧ್ಯಾಯಿನಿ ಲೆಕ್ಕಕ್ಕೆ ಸೇರಿಸಲು ಹೊರಟಿದ್ದುದು ಅದನ್ನೇ.

ಆಕೆ ಹರಾಜಿನ ಪಟ್ಟಿಯನ್ನು ತೆಗೆದುಕೊಂಡು ಅದರ ಹಿಂಬದಿಯಲ್ಲಿ ಎರಡು ಸಾಲು ಬರೆದಳು. ಡಾಕ್ಟರು ನಿಲ್ಲಿಸಿ ಎಂದ ದಿನ ಓಟ ನಿಲ್ಲಬೇಕು, ಹಾಕಿದ ಹಣ ಬಂದಿರಲಿ, ಬಾರದಿರಲಿ. ಆಮೇಲಿನ ಮೇವಿನ ಖರ್ಚನ್ನು ಐವರೂ ಹಂಚಿಕೊಳ್ಳಬೇಕು. “ಇದಕ್ಕೆ ಒಪ್ಪುವುದಾದರೆ ಕೊಳ್ಳಿರಿ. ಇಲ್ಲವಾದರೆ ನನ್ನ ಪಾಲನ್ನು ಬಿಟ್ಟುಬಿಡಿ.” ತರಬೇತುದಾರನು ಟೋಪಿಯನ್ನು ತೆಗೆದು ತಲೆ ಕೆರೆದುಕೊಂಡ. ಉಳಿದ ಪಾಲುದಾರರಿಗೆ ಟೆಲಿಫೋನು ಮಾಡಿದ. ಒಬ್ಬನು ಬಹಳ ಹೊತ್ತು ವಾದಿಸಿದನೆಂದು ತೋರಿತು. ಕೊನೆಗೆ ಸಹಿ ಬಿದ್ದಿತು.

ಹರಾಜಿನ ಮಂಟಪದಲ್ಲಿ ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಆಸನಗಳು. ನಡುವೆ ವೃತ್ತಾಕಾರದ ಹಾದಿ. ಕಂದು ಮರಿ ಕಿವಿ ನಿಮಿರಿಸಿಕೊಂಡು ಸುತ್ತುತ್ತಿದ್ದಂತೆ ಬೆಲೆ ಐದು ಸಾವಿರದಿಂದ ಏರಿತು. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ಎದುರು ಸಾಲಿನ ಒಬ್ಬ ಇನ್ನೂ ಇದ್ದ. ತರಬೇತುದಾರನು ಹನ್ನೆರಡಕ್ಕೆ ಪೆನ್ಸಿಲನ್ನೆತ್ತಿದ. ಎದುರಿನವನು ತಲೆಯಾಡಿಸಿಬಿಟ್ಟ. ಸುತ್ತಿಗೆ ಬಿದ್ದಿತು. 12,000 ಗಿನಿ, ಎಂದರೆ 12,600 ಪೌಂಡು. ಎಲ್ಲ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ.

ನ್ಯೂಮಾರ್ಕೆಟ್ಟಿಗೆ ಹೋಗುವವರು ಕೇಂಬ್ರಿಜ್ಜಿನವರೆಗೆ ಹೋಗಿ, ಅಲ್ಲಿಂದ ಸಣ್ಣ ರೈಲು ಹಿಡಿಯಬೇಕು. ಬೆಳಗ್ಗೆ ಬೇಗ ವಾರನ್ ಹಿಲ್ಲಿನ ಬಳಿ ನಿಂತರೆ ಕುದುರೆಗಳು ದಿಬ್ಬವನ್ನೇರುವುದನ್ನು ಕಾಣಬಹುದು. ಮಧ್ಯಾಹ್ನ ಒಂದು ಗಂಟೆಯ ಮೇಲೆ ಆ ಹುಲ್ಲಿನ ಮೇಲೆ ಯಾರು ಬೇಕಾದರೂ ನಡೆದಾಡಬಹುದು. ಹರಾಜಿನ ಅಂಗಳಕ್ಕೂ ಪ್ರವೇಶವುಂಟು. ಒಳಗೆ ಕೈ ಬೀಸಿ ಗೆಳೆಯರನ್ನು ಕರೆಯದಿದ್ದರೆ ಸಾಕು.

ಡಾಕ್ಟರ ಕಾಗದ 2025ರ ಬೇಸಗೆಯಲ್ಲಿ ಬಂದಿತು. ನವೆಂಬರಿನಲ್ಲಿ ಚೂರನ್ನು ತೆಗೆದರು. ಗಾಯ ಚಿತ್ರದಲ್ಲಿ ಕಂಡದ್ದಕ್ಕಿಂತ ತುಸು ದೊಡ್ಡದೇ ಆಗಿತ್ತು. ಆರು ತಿಂಗಳು ಲಾಯದಲ್ಲಿಯೂ ಹುಲ್ಲಿನಲ್ಲಿಯೂ ಕಳೆದು, ಈಗ ಮರಿ ಸವಾರನನ್ನು ಹೊತ್ತು ನಿಧಾನವಾಗಿ ಕುಕ್ಕುಲೋಟ ಕಲಿಯುತ್ತಿದೆ. ಆ ವರ್ಷದ ಪಂದ್ಯಗಳನ್ನೆಲ್ಲ ಬಿಟ್ಟುಕೊಟ್ಟಿದ್ದಾರೆ. ಉಪಾಧ್ಯಾಯಿನಿ ತಿಂಗಳಿಗೊಮ್ಮೆ ಬಂದು, ಮೊದಲು ಬಲ ಹಿಂಗಾಲಿನ ಕೀಲನ್ನು ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ಕ್ಯಾರೆಟ್ಟು ಕೊಡುತ್ತಾಳಂತೆ. ಗೆಲ್ಲುವ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಕೀಲು ಮಾತ್ರ ತಣ್ಣಗಿದೆ, ಊದಿಲ್ಲ ಎಂದು ಬರೆದಿದ್ದಾರೆ.